ಯಾವ ಕೈ? ಯಾವ ಕಂಪನಿ?

2022ರ ಮಳೆಗಾಲದಲ್ಲಿ ನನ್ನ ಖಾಲಾ ಬಚ್ಚಲುಕಲ್ಲಿನ ಮೇಲೆ ಜಾರಿ ಬಿದ್ದರು. ಬೀಳುವವರೆಲ್ಲ ಮಾಡುವ ಹಾಗೆ ಅಂಗೈ ಊರಿದರು. ಊರಿದ ಕೂಡಲೇ ಲಟಕ್ ಎಂದು ಸದ್ದಾಯಿತಂತೆ. ನಾನು ಓಡಿಹೋಗುವಷ್ಟರಲ್ಲಿ ಬಲಗೈ ಮಣಿಕಟ್ಟಿನ ಹತ್ತಿರ ಬಾಗಿ ಊದಿಕೊಂಡಿತ್ತು. ಇಂಥ ಕೈಯನ್ನು ವೈದ್ಯಕೀಯ ಪುಸ್ತಕಗಳು ಊಟದ ಫೋರ್ಕಿಗೆ ಹೋಲಿಸುತ್ತವೆ. ಫೋರ್ಕ್ ಹಿಡಿದು ಗೊತ್ತಿಲ್ಲದ ನಮ್ಮ ಮನೆಯಲ್ಲಿ ಅದು ಬಾಗಿದ ಸೌಟಿನ ಹಾಗೆ ಕಂಡಿತು.

ಖಾಲಾಗೆ ಆಗ ಐವತ್ತಾರು ವರ್ಷ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೊಗೆ ಬಂದು ತಾಕುವ ಮೊಹಲ್ಲಾ ನಮ್ಮದು. ಮದುವೆಯಾಗಿ ಬಂದ ವರ್ಷದಿಂದಲೂ ಅವರು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ತಂಬಾಕು ತುಂಬಿ, ಸುತ್ತಿ, ತುದಿ ಮಡಚಿ, ದಾರ ಕಟ್ಟುವ ಕೆಲಸ. ಬೆರಳುಗಳ ಕೆಲಸವೆಂದು ನೋಡುವವರಿಗೆ ಅನಿಸುತ್ತದೆ. ಮಣಿಕಟ್ಟು ತಿರುಗದಿದ್ದರೆ ಬೆರಳು ಏನನ್ನೂ ಮಾಡಲಾರದು ಎಂಬುದು ಕಟ್ಟುವವರಿಗಷ್ಟೇ ಗೊತ್ತು.

ನರ್ಸಿಂಗ್ ಹೋಮಿಗೆ ನಾನೇ ಕರೆದುಕೊಂಡು ಹೋದೆ. ಖಾಲಾಗೆ ಕನ್ನಡ ಬರುತ್ತದೆ, ಆದರೆ ಡಾಕ್ಟರ ಮುಂದೆ ಬಾಯಿ ಕಟ್ಟಿಹೋಗುತ್ತದೆ. ಎಕ್ಸ್-ರೇ ಇನ್ನೂ ಲಕೋಟೆಯೊಳಗೇ ಇತ್ತು. ಡಾಕ್ಟರ್ ನನ್ನನ್ನು ಕೇಳಿದರು: "ಇವರ ಮಗ ಏನು ಮಾಡ್ತಾನೆ?"

"ಆಟೋ ಓಡಿಸ್ತಾನೆ ಸರ್."

"ಸ್ವಂತದ್ದೋ, ಬಾಡಿಗೇದೋ?"

"ಬಾಡಿಗೇದು."

ಆಮೇಲೆ ಲಕೋಟೆ ತೆರೆಯಿತು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು: "ಎಲುಬು ಸರಿದಿದೆ. ಎಳೆದು ಕೂರಿಸಿ ಪ್ಲಾಸ್ಟರ್ ಹಾಕೋಣ. ಈ ವಯಸ್ಸಿಗೆ ಅಷ್ಟು ಸಾಕು. ಆರು ವಾರ ಬಿಟ್ಟು ಬನ್ನಿ." ಕಡಿಮೆ ಖರ್ಚಿನಲ್ಲಿ ಮುಗಿಸಿದರೆಂದು ಖಾಲಾ ದಾರಿಯುದ್ದಕ್ಕೂ ಅವರಿಗೆ ದುವಾ ಮಾಡಿದರು. ನಾನೂ ಆಮೀನ್ ಅಂದೆ.

ಆರು ವಾರದ ಮೇಲೆ ಪ್ಲಾಸ್ಟರ್ ಒಡೆದಾಗ ಎಲುಬು ಕೂಡಿತ್ತು. ಸೊಟ್ಟಗೆ ಕೂಡಿತ್ತು. ದಿನಕ್ಕೆ ಹತ್ತಿರ ಹತ್ತಿರ ಸಾವಿರ ಬೀಡಿ ಕಟ್ಟುತ್ತಿದ್ದ ಕೈ ಈಗ ಅದರ ಅರ್ಧ ಕಟ್ಟುವುದಿಲ್ಲ. ಕಟ್ಟಿದ್ದರಲ್ಲೂ ಕಳಪೆಯೆಂದು ಗುತ್ತಿಗೆದಾರ ಬದಿಗೆ ತಳ್ಳುವುದು ಹೆಚ್ಚಾಗಿದೆ. ಸಜ್ದಾದಲ್ಲಿ ಬಲ ಅಂಗೈಯನ್ನು ನೆಲಕ್ಕೆ ಊರಲಾಗದೆ ಮುಷ್ಟಿ ಊರುತ್ತಾರೆ.

ಅದೇ ವರ್ಷದ ಕೊನೆಗೆ ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಟೀಚರ್ ಮನೆಯ ಗೇಟಿನ ಬಳಿ ಬಿದ್ದರು. ಉರ್ದು ಶಾಲೆಯಿಂದ ಬಂದು ಅಲ್ಪಪ್ರಾಣ ಮಹಾಪ್ರಾಣ ತಿಳಿಯದೆ ಒದ್ದಾಡುತ್ತಿದ್ದ ಹುಡುಗನನ್ನು ತಿದ್ದಿ ಬರೆಯುವವನನ್ನಾಗಿ ಮಾಡಿದವರು ಅವರು. ಎಪ್ಪತ್ತೊಂದು ವರ್ಷ. ಬಲಗೈಯ ಅದೇ ಮಣಿಕಟ್ಟು. ಅದೇ ನರ್ಸಿಂಗ್ ಹೋಮ್, ಅದೇ ಡಾಕ್ಟರ್. ನೋಡಲು ಹೋದಾಗ ಕೈಗೆ ದಪ್ಪ ಬ್ಯಾಂಡೇಜು ಇತ್ತು. ಒಳಗೆ ಪ್ಲೇಟು, ಸ್ಕ್ರೂ.

"ಏನು ಹೇಳಿದರು ಟೀಚರ್?" ಎಂದು ಕೇಳಿದೆ.

"ಅವರು ಕೇಳಿದ್ದು ಎರಡೇ ಪ್ರಶ್ನೆ ಕಣಯ್ಯಾ," ಎಂದು ನಕ್ಕರು. "ಯಾವ ಕೈ? ಯಾವ ಕಂಪನಿ?"

ಕಂಪನಿ ಅಂದರೆ ಇನ್ಶೂರೆನ್ಸ್ ಕಂಪನಿ. ಬೆಂಗಳೂರಿನಲ್ಲಿರುವ ಮಗನ ಆಫೀಸಿನ ಪಾಲಿಸಿಯಲ್ಲಿ ತಾಯಿಯ ಹೆಸರೂ ಇತ್ತು. "ಪ್ಲಾಸ್ಟರ್ ಹಾಕಿದರೆ ಕೈ ಸೊಟ್ಟ ಆಗುತ್ತೆ ಮೇಡಂ, ಆಪರೇಷನ್ ಮಾಡಿಸಲೇಬೇಕು" ಅಂದರಂತೆ.

ಖಾಲಾಗೆ "ಸಾಕು". ಟೀಚರಿಗೆ "ಲೇಬೇಕು". ಈ ಎರಡು ಪದಗಳ ನಡುವೆ ಏನಿದೆ ಎಂದು ಕೇಳುವುದಕ್ಕಾಗಿ ಈ ಲೇಖನ.

ನಾನು ಕಥೆ ಬರೆಯುವವನು, ಡಾಕ್ಟರಲ್ಲ. ಆದ್ದರಿಂದ ಎರಡೂ ಎಕ್ಸ್-ರೇಗಳನ್ನು ತೆಗೆದುಕೊಂಡು ಬೇರೊಂದು ಜಿಲ್ಲೆಯ ಸರಕಾರಿ ಆಸ್ಪತ್ರೆಯಲ್ಲಿ ಎಲುಬಿನ ಡಾಕ್ಟರಾಗಿರುವ ಗೆಳೆಯನ ಬಳಿ ಹೋದೆ. ಹೆಸರು ಮರೆಮಾಡಿ ತೋರಿಸಿದೆ. ಅವನು ಬಹಳ ಹೊತ್ತು ನೋಡಿದ. ಖಾಲಾ ಚಿತ್ರದ ಮೇಲೆ ಬೆರಳಿಟ್ಟು, "ಬಿರುಕು ಕೀಲಿನೊಳಗೆ ಹೋಗಿದೆ. ಈಕೆ ಕೈ ಕೆಲಸ ಮಾಡುವವಳಾದರೆ ಆಪರೇಷನ್ ವಿಷಯ ಖಂಡಿತ ಮಾತಾಡಬೇಕಿತ್ತು" ಎಂದ. ಟೀಚರ ಚಿತ್ರಕ್ಕೆ, "ಇದು ಅಷ್ಟೇನೂ ಸರಿದಿಲ್ಲ. ಪ್ಲಾಸ್ಟರಿನಲ್ಲೂ ಆಗುತ್ತಿತ್ತು ಅನಿಸುತ್ತೆ" ಎಂದ. ಕೂಡಲೇ ಎಚ್ಚರಿಸಿದ: "ಆಪರೇಷನ್ ಮಾಡಿದ್ದರೆ ಮೊದಲಿನವಳ ಕೈ ಸರಿಹೋಗುತ್ತಿತ್ತು ಅಂತ ನಾನು ಬರೆದುಕೊಡಲಾರೆ. ಎರಡನೆಯವಳಿಗೆ ಆಪರೇಷನ್ ತಪ್ಪು ಅಂತಲೂ ಹೇಳಲಾರೆ. ಎರಡೂ ಮಾತಾಡಿ ನಿರ್ಧರಿಸುವ ಕೇಸುಗಳು."

ಅಲ್ಲಿಯೇ ಇದೆ ವಿಷಯ. ಮಾತಾಡಿ ನಿರ್ಧರಿಸಬೇಕಾದ್ದನ್ನು ಬಾಡಿಗೆ ಆಟೋ ಮತ್ತು ಪಾಲಿಸಿ ಕಾರ್ಡು ಸೇರಿ ಮಾತಿಲ್ಲದೆ ನಿರ್ಧರಿಸಿಬಿಟ್ಟವು. ನನ್ನ ತಕರಾರು ಆ ಮೌನದ ಬಗ್ಗೆ.

ಈ ಮುರಿತ ಹೊಸದಲ್ಲ. ಡಬ್ಲಿನ್ನಿನ ಶಸ್ತ್ರವೈದ್ಯ ಅಬ್ರಹಾಂ ಕೋಲಿಸ್ ಇದನ್ನು ವಿವರಿಸಿ ಬರೆದದ್ದು 1814ರಲ್ಲಿ, ಎಕ್ಸ್-ರೇ ಬರುವುದಕ್ಕೆ ಎಂಬತ್ತು ವರ್ಷ ಮೊದಲು. ಇಂದಿಗೂ ಡಾಕ್ಟರರ ಬಾಯಲ್ಲಿ ಇದು "ಕೋಲಿಸ್ ಫ್ರ್ಯಾಕ್ಚರ್". ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಲುಬು ಸವೆಯುತ್ತದೆ. ನಿಂತಲ್ಲಿಂದ ಬಿದ್ದು ಕೈ ಊರಿದರೂ ಸಾಕು, ಮುಂಗೈಯ ಹೆಬ್ಬೆರಳ ಕಡೆಯ ಎಲುಬು ಮಣಿಕಟ್ಟಿನ ಹತ್ತಿರ ಮುರಿಯುತ್ತದೆ. ಚಿಕಿತ್ಸೆಗಳು ಮುಖ್ಯವಾಗಿ ಮೂರು. ಎಳೆದು ಕೂರಿಸಿ ಪ್ಲಾಸ್ಟರ್ ಹಾಕುವುದು. ಚರ್ಮದ ಮೂಲಕ ತೆಳು ತಂತಿಗಳನ್ನು ತೂರಿಸಿ ಎಲುಬನ್ನು ಹಿಡಿದು ನಿಲ್ಲಿಸಿ, ಕೆಲ ವಾರಗಳ ನಂತರ ಅವನ್ನು ಎಳೆದು ತೆಗೆಯುವುದು. ಕೊಯ್ದು ಒಳಗೆ ಲೋಹದ ಪ್ಲೇಟು ಕೂರಿಸಿ ಸ್ಕ್ರೂ ಬಿಗಿಯುವುದು. ಅಂಗೈ ಕಡೆಯಿಂದ ಹಾಕುವ ಲಾಕಿಂಗ್ ಪ್ಲೇಟು 2000ದ ದಶಕದ ಆರಂಭದಿಂದ ಜಗತ್ತಿನಾದ್ಯಂತ ಚಾಲ್ತಿಗೆ ಬಂತು.

ಹೊಸದು, ದುಬಾರಿಯದು, ಆದ್ದರಿಂದ ಉತ್ತಮ ಎಂದು ನಾವೆಲ್ಲ ನಂಬಿದೆವು. ಬ್ರಿಟನ್ನಿನ ವೈದ್ಯರು ಹಾಗೆ ನಂಬದೆ ಪರೀಕ್ಷಿಸಿ ನೋಡಿದರು. ಅಲ್ಲಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿ ಬಿಲ್ಲು ಕಟ್ಟುವಂತಿಲ್ಲ. ಹಾಗಾಗಿ ಈ ಪ್ರಶ್ನೆಯನ್ನು ಜೇಬಿನ ನೆರಳು ಬೀಳದಂತೆ ಕೇಳುವುದು ಅವರಿಗೆ ಸಾಧ್ಯವಾಯಿತು. ಚೀಟಿ ಎತ್ತಿದ ಹಾಗೆ ಕೆಲವು ರೋಗಿಗಳಿಗೆ ತಂತಿ, ಕೆಲವರಿಗೆ ಪ್ಲೇಟು ಹಾಕಿ ವರ್ಷವಿಡೀ ಗಮನಿಸಿದರು. 461 ರೋಗಿಗಳ ಆ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವರ್ಷದ ಕೊನೆಗೆ ಎರಡೂ ಗುಂಪಿನವರ ಕೈ ಒಂದೇ ತರಹ ಕೆಲಸ ಮಾಡುತ್ತಿತ್ತು. ತಂತಿಯ ಖರ್ಚು ಮಾತ್ರ ಬಹಳ ಕಡಿಮೆ. 2021ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ-ನ್ಯೂಜಿಲೆಂಡಿನ ಅಧ್ಯಯನ ಅರವತ್ತು ದಾಟಿದವರಲ್ಲಿ ಪ್ಲೇಟನ್ನೂ ಪ್ಲಾಸ್ಟರನ್ನೂ ಹೋಲಿಸಿತು. ಒಂದು ವರ್ಷದ ನಂತರ ರೋಗಿಯ ಅನುಭವಕ್ಕೆ ಬರುವಂಥ ದೊಡ್ಡ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಬ್ರಿಟನ್ನಿನದೇ ಇನ್ನೊಂದು ಅಧ್ಯಯನ 500 ಜನರಲ್ಲಿ ಪ್ಲಾಸ್ಟರನ್ನೂ ತಂತಿಯನ್ನೂ ಹೋಲಿಸಿತು. ವರ್ಷದ ಕೊನೆಗೆ ಅಲ್ಲಿಯೂ ಸಮ.

ಇದನ್ನು ಓದಿದಾಗ ನನ್ನ ಸಿಟ್ಟು ಸ್ವಲ್ಪ ತಬ್ಬಿಬ್ಬಾಯಿತು. ಪ್ಲಾಸ್ಟರ್ ಅಷ್ಟು ಒಳ್ಳೆಯದಾದರೆ ಖಾಲಾಗೆ ಅನ್ಯಾಯ ಎಲ್ಲಿ ಆಯಿತು? ಬಡವರಿಗೆ ಸಿಕ್ಕಿದ್ದು ಸರಿಯಾದದ್ದೇ, ಇದ್ದವರಿಗೆ ಅನಗತ್ಯ ಆಪರೇಷನ್ ಆಯಿತು, ಅಷ್ಟೇ ಅಲ್ಲವೇ?

ಅಷ್ಟೇ ಅಲ್ಲ. 2022ರ ಆ ಅಧ್ಯಯನದಲ್ಲೇ ಇನ್ನೊಂದು ಅಂಕಿ ಇದೆ. ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಎಂಟು ಮಂದಿಗೆ ಒಬ್ಬರಂತೆ ಎಲುಬು ಒಳಗೇ ಮತ್ತೆ ಸರಿದು, ಮೊದಲ ಆರು ವಾರದೊಳಗೆ ಆಪರೇಷನ್ ಮಾಡಬೇಕಾಯಿತು. ಸರಿದದ್ದು ಅವರಿಗೆ ಗೊತ್ತಾದದ್ದು ಹೇಗೆ? ಮತ್ತೆ ಕರೆಸಿ ನೋಡಿದ್ದರಿಂದ. ಒಂದು ವಾರಕ್ಕೆ, ಎರಡು ವಾರಕ್ಕೆ ಪುನಃ ಎಕ್ಸ್-ರೇ ತೆಗೆದು, ಎಲುಬು ಕೂರಿಸಿದ ಜಾಗದಲ್ಲೇ ಇದೆಯೇ ಎಂದು ಪರೀಕ್ಷಿಸುವುದು ಪ್ಲಾಸ್ಟರ್ ಚಿಕಿತ್ಸೆಯ ಅರ್ಧ ಭಾಗ. ಸಡಿಲವಾದ ಪ್ಲಾಸ್ಟರನ್ನು ಬದಲಿಸಬೇಕು. ಮೊದಲ ದಿನದಿಂದಲೇ ಬೆರಳು ಆಡಿಸಲು ಹೇಳಿಕೊಡಬೇಕು. ಬಿಚ್ಚಿದ ಮೇಲೆ ವ್ಯಾಯಾಮ ಮಾಡಿಸಬೇಕು.

ಖಾಲಾಗೆ ಹೇಳಿದ್ದು ಏನು? "ಆರು ವಾರ ಬಿಟ್ಟು ಬನ್ನಿ."

ನಾನು ಬರೆಯಬೇಕಿರುವ ಮುಖ್ಯ ಮಾತು ಇದು. ಬಡವರಿಗೆ ಅಗ್ಗದ ಚಿಕಿತ್ಸೆ ಸಿಕ್ಕಿತೆಂದು ನಾನು ದೂರುತ್ತಿಲ್ಲ. ಅಗ್ಗದ ಚಿಕಿತ್ಸೆಯೂ ಅರ್ಧವೇ ಸಿಕ್ಕಿತು ಎಂಬುದು ನನ್ನ ದೂರು. ಅಲ್ಲಿ ಪ್ಲೇಟಿನ ಜೊತೆ ಸರಿಸಮ ನಿಂತ ಪ್ಲಾಸ್ಟರು ಕಾವಲಿನಲ್ಲಿಟ್ಟ ಪ್ಲಾಸ್ಟರು. ಇಲ್ಲಿ "ಸಾಕು" ಎಂದು ಹಾಕಿ ಕಳಿಸಿದ್ದು ಹಾಕಿ ಮರೆತ ಪ್ಲಾಸ್ಟರು. ಹೆಸರು ಒಂದೇ, ವಸ್ತು ಬೇರೆ. ಒಳ್ಳೆಯ ಪ್ಲಾಸ್ಟರಿಗೆ ಬೇಕಾದದ್ದು ವೈದ್ಯನ ಸಮಯ, ಎರಡು ಮೂರು ಎಕ್ಸ್-ರೇ, ಸ್ವಲ್ಪ ತಾಳ್ಮೆ. ನಮ್ಮ ನರ್ಸಿಂಗ್ ಹೋಮುಗಳ ಬಿಲ್ಲಿನಲ್ಲಿ ಬೆಡ್ಡಿಗೆ, ಥಿಯೇಟರಿಗೆ, ಪ್ಲೇಟಿಗೆ, ಕೈಗವಸಿಗೂ ಕಾಲಂ ಇದೆ. ತಾಳ್ಮೆಗೆ ಕಾಲಂ ಇಲ್ಲ.

ದುಡ್ಡು ಡಾಕ್ಟರ ಸಲಹೆಯೊಳಗೆ ಹೇಗೆ ನುಸುಳುತ್ತದೆ ಎಂಬುದನ್ನು ಬಿಡಿಸಿ ನೋಡೋಣ. ಎಲ್ಲ ಡಾಕ್ಟರರೂ ದುಡ್ಡುಬಾಕರು ಎಂದು ಬೈದು ಮುಗಿಸುವುದು ಸುಲಭ. ಅದು ಸುಳ್ಳು ಕೂಡ. ಈ ಊರಿನಲ್ಲೇ ಫೀಸು ಕೇಳದೆ ನೋಡಿ ಕಳಿಸಿದ ವೈದ್ಯರ ಋಣ ನಮ್ಮ ಮೊಹಲ್ಲಾದ ಪ್ರತಿ ಮನೆಯ ಮೇಲಿದೆ.

ಸಾಮಾನ್ಯವಾಗಿ ಮೆಡಿಕ್ಲೇಮ್ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದರೆ. ಪ್ಲಾಸ್ಟರ್ ಹಾಕಿಸಿಕೊಂಡು ಸಂಜೆ ಮನೆಗೆ ಹೋಗುವವನ ಖರ್ಚು ಬಹುತೇಕ ಅವನ ಜೇಬಿನದೇ. ಅಂದಮೇಲೆ ಪಾಲಿಸಿ ಇರುವ ರೋಗಿಗೆ ಆಪರೇಷನ್ "ಪುಕ್ಕಟೆ", ಪ್ಲಾಸ್ಟರ್ "ದುಬಾರಿ". ವಿಮೆಯ ಈ ತಲೆಕೆಳಗು ಲೆಕ್ಕ ರೋಗಿಯನ್ನೂ ಡಾಕ್ಟರನ್ನೂ ಒಟ್ಟಿಗೇ ಥಿಯೇಟರಿನ ಕಡೆಗೆ ತಳ್ಳುತ್ತದೆ. ನಮ್ಮ ರಾಜ್ಯದಲ್ಲಿ ಸಹಕಾರಿ ಸಂಘಗಳ ರೈತರಿಗಾಗಿ 2003ರಲ್ಲಿ ಶುರುವಾದ ಯಶಸ್ವಿನಿ ಯೋಜನೆಯೂ ಮುಖ್ಯವಾಗಿ ನಿಗದಿತ ಶಸ್ತ್ರಚಿಕಿತ್ಸೆಗಳ ಯೋಜನೆಯಾಗಿಯೇ ಬೆಳೆಯಿತು. ಅದರಿಂದ ಎಷ್ಟೋ ಬಡವರ ಜೀವ ಉಳಿದಿದೆ, ಅದನ್ನು ಅಲ್ಲಗಳೆಯುವುದು ಪಾಪ. ಆದರೆ ಕೊಯ್ದರೆ ದುಡ್ಡು, ಕೊಯ್ಯದೆ ಕಾದರೆ ಏನೂ ಇಲ್ಲ ಎಂಬ ಪಾಠವನ್ನು ವಿಮೆಯ ಲೋಕ ನಮ್ಮ ವೈದ್ಯಕೀಯಕ್ಕೆ ಚೆನ್ನಾಗಿ ಕಲಿಸಿಬಿಟ್ಟಿದೆ.

ಇನ್ನು ಪ್ಲೇಟಿನ ಬೆಲೆ. ಕೇಂದ್ರ ಸರಕಾರದ ಔಷಧ ಬೆಲೆ ಪ್ರಾಧಿಕಾರ 2017ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ, ಅದೇ ಆಗಸ್ಟಿನಲ್ಲಿ ಕೃತಕ ಮಂಡಿಗೆ ಗರಿಷ್ಠ ಬೆಲೆ ಕಟ್ಟಿತು. ಆ ಆಜ್ಞೆಗಳಲ್ಲಿ ಮಣಿಕಟ್ಟಿನ ಪ್ಲೇಟು ಇರಲಿಲ್ಲ. ಅದೇ ಪ್ರಾಧಿಕಾರ 2018ರಲ್ಲಿ ದೆಹಲಿ ಸುತ್ತಲಿನ ಕೆಲವು ಖಾಸಗಿ ಆಸ್ಪತ್ರೆಗಳ ಬಿಲ್ಲುಗಳನ್ನು ಬಿಡಿಸಿ ನೋಡಿದಾಗ, ಕೆಲವು ವಸ್ತುಗಳ ಮೇಲೆ ಶೇಕಡಾ 1,700ಕ್ಕೂ ಮಿಕ್ಕಿ ಲಾಭ ಇಟ್ಟಿದ್ದು ಕಂಡುಬಂತು. ಪೊಟ್ಟಣದ ಮೇಲೆ ಅಚ್ಚಾದ ಬೆಲೆಗೂ ಆಸ್ಪತ್ರೆ ಕೊಂಡ ಬೆಲೆಗೂ ನಡುವೆ ಇಷ್ಟು ಜಾಗ ಬಿಟ್ಟರೆ ಅದರಲ್ಲಿ ಡಾಕ್ಟರ ಸಲಹೆ ಜಾರಿ ಬೀಳದೆ ಇರುತ್ತದೆಯೇ? ಕಮಿಷನ್ ಕೊಡುವುದನ್ನೂ ಪಡೆಯುವುದನ್ನೂ ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ನಿಷೇಧಿಸಿದೆ. ನಿಷೇಧಿಸಬೇಕಾಗಿ ಬಂತು ಎಂಬುದೇ ಅದರ ಸಾಕ್ಷಿ.

ಇವೆಲ್ಲ ಇದ್ದವರ ಕಡೆಯ ಕಥೆ. ಇಲ್ಲದವರ ಕಡೆ ನಡೆಯುವುದು ಇನ್ನೂ ಸೂಕ್ಷ್ಮ, ಅದಕ್ಕೊಂದು ಒಳ್ಳೆಯ ಹೆಸರೂ ಇದೆ: ಕರುಣೆ. ನನ್ನ ಗೆಳೆಯ ಡಾಕ್ಟರನೇ ಪ್ರಾಮಾಣಿಕವಾಗಿ ಹೇಳಿದ: "ಖಾಸಗಿಯಲ್ಲಿ ಇದ್ದಾಗ ನಾನೂ ಹಾಗೆ ಮಾಡಿದ್ದೇನೆ. ಆಪರೇಷನ್ ಅಂದರೆ ಮನೆಯವರು ಕಿವಿಯ ಓಲೆ ಬಿಚ್ಚುತ್ತಾರೆ, ಬಡ್ಡಿಗೆ ಸಾಲ ತರುತ್ತಾರೆ. ಅದು ಕಣ್ಣಿಗೆ ಕಟ್ಟಿ, ಆ ಮಾತೇ ಎತ್ತದೆ ಪ್ಲಾಸ್ಟರ್ ಹಾಕಿ ಕಳಿಸಿದ್ದೇನೆ. ತಪ್ಪಾ?"

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲು ನನ್ನಿಂದಾಗದು. ಒಂದು ಮುರಿತ ಒಂದು ಸಂಸಾರವನ್ನೇ ಮುರಿದ ಕಥೆಗಳನ್ನು ನಾನು ಬರೆದಿದ್ದೇನೆ. ರೋಗಿಯ ಹಣಕಾಸನ್ನು ಡಾಕ್ಟರ್ ಯೋಚಿಸಲೇಬಾರದು ಎನ್ನುವವನು ಬಡತನ ಕಂಡಿಲ್ಲ. ಯೋಚಿಸಬೇಕು. ಆದರೆ ಆ ಯೋಚನೆ ರೋಗಿಯ ಎದುರಿನಲ್ಲಿ ನಡೆಯಬೇಕು. "ಅಮ್ಮಾ, ನಿಮ್ಮ ಎಲುಬಿಗೆ ಇವಿವು ದಾರಿ. ಇದರಿಂದ ಇಷ್ಟು ಲಾಭ, ಇಷ್ಟು ಅಪಾಯ, ಇಷ್ಟು ಖರ್ಚು. ಈಗ ಹೇಳಿ" ಎನ್ನುವುದು ಕರುಣೆ. ಚಪ್ಪಲಿ ನೋಡಿ, ಮಾಸಿದ ಬುರ್ಖಾ ನೋಡಿ, ಮಗನ ಆಟೋ ಯಾರದೆಂದು ಕೇಳಿ, ಮನಸ್ಸಿನಲ್ಲೇ ಲೆಕ್ಕ ಹಾಕಿ, ಲೆಕ್ಕವನ್ನು ಬಚ್ಚಿಟ್ಟು, ಉತ್ತರವನ್ನು ಮಾತ್ರ ವೈದ್ಯಶಾಸ್ತ್ರದ ಬಾಯಿಂದ ಹೇಳಿಸುವುದು ಕರುಣೆಯಲ್ಲ. "ಈ ವಯಸ್ಸಿಗೆ ಅಷ್ಟು ಸಾಕು" ಎಂದಾಗ ಖಾಲಾ ಅದನ್ನು ತಮ್ಮ ಎಲುಬಿನ ವಿಷಯವೆಂದೇ ನಂಬಿದರು. ಅದು ಮಗನ ಆಟೋದ ವಿಷಯವಾಗಿತ್ತು. ಅದಕ್ಕಿಂತ ಹದಿನೈದು ವರ್ಷ ಹೆಚ್ಚಿನ ವಯಸ್ಸಿಗೆ ಸಾಲದಿದ್ದದ್ದು ಐವತ್ತಾರಕ್ಕೆ ಸಾಕಾಗುವುದು ಯಾವ ಶಾಸ್ತ್ರದಲ್ಲಿ?

ಇನ್ನೊಂದು ಕಹಿ ಸತ್ಯ. ಖಾಲಾ ಮನೆಯಲ್ಲಿ ಬಿಪಿಎಲ್ ಕಾರ್ಡು ಇದೆ. 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಇಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಮೊದಲು ಸರಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಬರೆದುಕೊಟ್ಟ ಚೀಟಿ ಹಿಡಿದು ಬೇರೆಡೆಗೆ ಹೋಗಬೇಕು. ಆಪರೇಷನ್ ಎಂಬ ದಾರಿ ಇದೆಯೆಂದು ಅಂದು ಯಾರಾದರೂ ಹೇಳಿದ್ದರೆ, ನಾವು ಎರಡು ಕಿಲೋಮೀಟರ್ ಆಚೆಯ ಸರಕಾರಿ ಆಸ್ಪತ್ರೆಗೆ ಹೋಗಿ ಇನ್ನೊಬ್ಬರನ್ನು ಕೇಳುತ್ತಿದ್ದೆವು. ಕೊಡಲಾರರು ಎಂಬ ಊಹೆಯಿಂದ ಮುಚ್ಚಿಟ್ಟ ಮಾತು, ಕೊಡದೆಯೂ ತೆರೆಯಬಹುದಾಗಿದ್ದ ಬಾಗಿಲನ್ನು ಮುಚ್ಚಿತು. ನನಗೂ ಅಂದು ಅದು ಹೊಳೆಯಲಿಲ್ಲ. ಎರಡು ಭಾಷೆ ಓದಿದವನು, ನಾಲ್ಕು ಪುಸ್ತಕ ಬರೆದವನು ಆಮೀನ್ ಅಂದು ಸುಮ್ಮನೆ ಬಂದೆ. ಈ ಲೇಖನದಲ್ಲಿ ನನ್ನ ಪಾಲಿನ ತಪ್ಪೂ ಇದೆ.

ಈಗ ಇನ್ನೊಂದು ಮಗ್ಗುಲು. ನಮ್ಮ ಮಸೀದಿಯಲ್ಲಿ ಜುಮಾ ನಮಾಜು ಮುಗಿದ ಮೇಲೆ ಒಬ್ಬರು ಎದ್ದು ನಿಂತು, "ನಮ್ಮ ಒಬ್ಬ ಭಾಯಿಗೆ ಕೈ ಆಪರೇಷನ್ ಆಗಬೇಕು, ಡಾಕ್ಟರ್ 60 ಸಾವಿರ ಹೇಳಿದ್ದಾರೆ" ಎಂದು ಕೇಳಿಕೊಳ್ಳುವುದು ಅಪರೂಪವಲ್ಲ. ಟವೆಲ್ಲು ಹರಡುತ್ತಾರೆ. ತರಕಾರಿ ಗಾಡಿಯವನೂ ಇಪ್ಪತ್ತು ರೂಪಾಯಿ ಹಾಕುತ್ತಾನೆ. ಬಡವನ ಬೆನ್ನಿಗೆ ಜಮಾಅತ್ ಇದೆ ಎಂದು ಒಮ್ಮೆ ಗೊತ್ತಾದರೆ, ಅವನ ಸಲಹೆಯೂ ಬದಲಾಗುತ್ತದೆ. "ಸಾಕು" ಹೋಗಿ "ಲೇಬೇಕು" ಬರುತ್ತದೆ. ಇದು ನಮ್ಮೊಬ್ಬರ ಕಥೆಯಲ್ಲ. ಮಠದ ನೆರವು, ಚರ್ಚಿನ ನಿಧಿ, ಊರ ಶಾಸಕರ ಪತ್ರ, ಎಲ್ಲದರ ಬೆನ್ನಿಗೂ ಇದೇ ನಡೆಯಬಹುದು. ಜಕಾತಿನ ಹಣ ಕೊಡುವವರು ಆ ಹಣ ಹಕ್ಕುದಾರನಿಗೆ ಮುಟ್ಟಿತೇ ಎಂದು ವಿಚಾರಿಸುತ್ತಾರೆ. ಆ ಆಪರೇಷನ್ ಬೇಕಿತ್ತೇ ಎಂದು ಮಾತ್ರ ಯಾರೂ ವಿಚಾರಿಸುವುದಿಲ್ಲ. ಟವೆಲ್ಲು ಹರಡುವ ಮುನ್ನ ಸರಕಾರಿ ಆಸ್ಪತ್ರೆಯ ಇನ್ನೊಬ್ಬ ವೈದ್ಯರಿಗೆ ಎಕ್ಸ್-ರೇ ತೋರಿಸಿ ಬನ್ನಿ ಎಂದು ಹೇಳುವ ಪದ್ಧತಿಯನ್ನು ಮಸೀದಿ ಕಮಿಟಿಗಳು ಇಂದೇ ಶುರು ಮಾಡಬಹುದು. ಅದಕ್ಕೆ ಯಾವ ಕಾಯಿದೆಯೂ ಬೇಡ.

ಈ ಅಪನಂಬಿಕೆಯ ಲಾಭ ಪಡೆಯುತ್ತಿರುವವರು ಬೇರೆಯೇ ಇದ್ದಾರೆ. ಆಂಧ್ರದ ಪುತ್ತೂರಿನ ಹೆಸರಿನಲ್ಲಿ ಎಲುಬು ಕಟ್ಟುವ ಬೋರ್ಡುಗಳು ನಮ್ಮ ರಾಜ್ಯದ ಊರೂರಿನಲ್ಲಿ ಕಾಣುತ್ತವೆ. ಜನ ಅಲ್ಲಿಗೆ ಹೋಗುವುದನ್ನು ಡಾಕ್ಟರರು ಮೂಢನಂಬಿಕೆ ಎನ್ನುತ್ತಾರೆ. ಬಿದಿರ ದಬ್ಬೆಯ ಬಿಗಿ ಕಟ್ಟಿನಿಂದ ರಕ್ತ ಹರಿಯದೆ ಕೈಯನ್ನೇ ಕಳೆದುಕೊಂಡವರು ಉಂಟು, ಆ ಎಚ್ಚರಿಕೆ ನಿಜವಾದದ್ದೇ. ಆದರೂ ಜನ ಯಾಕೆ ಹೋಗುತ್ತಾರೆ? ಅಲ್ಲಿ ಕಟ್ಟಿಗೆ ಎಷ್ಟು ಎಂದು ಮೊದಲೇ ಹೇಳುತ್ತಾರೆ. ಮುಂದಿನ ಕಟ್ಟಿಗೆ ಯಾವಾಗ ಬರಬೇಕೆಂದು ದಿನ ಹೇಳುತ್ತಾರೆ. ಕೈ ಮುಟ್ಟಿ ನೋಡುತ್ತಾರೆ. ಓದಿದ ವೈದ್ಯರು ಬಿಟ್ಟುಕೊಟ್ಟ ನಂಬಿಕೆಯ ಮೇಲೆ ಓದದವರು ಅಂಗಡಿ ಇಟ್ಟಿದ್ದಾರೆ.

ಕಾನೂನು ಏನೂ ಹೇಳಿಲ್ಲವೇ? ಹೇಳಿದೆ. ರೋಗಿಯ ಒಪ್ಪಿಗೆ ಪಡೆಯುವ ಮುನ್ನ ಚಿಕಿತ್ಸೆಯ ಸ್ವರೂಪ, ಬದಲಿ ದಾರಿಗಳು, ಅಪಾಯಗಳು, ಚಿಕಿತ್ಸೆ ಬೇಡವೆಂದರೆ ಏನಾಗುತ್ತದೆ ಎಂಬುದನ್ನು ತಿಳಿಸಬೇಕೆಂದು ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಸನ್ನದು ಸಿದ್ಧಪಡಿಸಿತು. ಮಾಹಿತಿ ಪಡೆಯುವ ಹಕ್ಕು, ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವ ಹಕ್ಕು, ದರ ತಿಳಿಯುವ ಹಕ್ಕು ಅದರಲ್ಲಿವೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ 2007ರದು. ಅದಕ್ಕೆ ಹಲ್ಲು ಕೊಡಲು ಆರೋಗ್ಯ ಸಚಿವ ರಮೇಶ್ ಕುಮಾರ್ 2017ರಲ್ಲಿ ತಿದ್ದುಪಡಿ ತಂದಾಗ ಏನಾಯಿತೆಂದು ಓದುಗರಿಗೆ ನೆನಪಿರಬಹುದು. ಆ ನವೆಂಬರಿನಲ್ಲಿ ಖಾಸಗಿ ವೈದ್ಯರು ರಾಜ್ಯದಾದ್ಯಂತ ಬಾಗಿಲು ಹಾಕಿದರು. ರೋಗಿಗಳು ಬೀದಿಯಲ್ಲಿ ನಿಂತರು. ಕೊನೆಗೆ ಮಸೂದೆ ಮೆತ್ತಗಾಗಿ ಪಾಸಾಯಿತು. ದರಕ್ಕೆ ಲಗಾಮು ಬೇಡ ಎಂದು ಬೀದಿಗಿಳಿದ ವೈದ್ಯ ಸಮೂಹ, ಸಲಹೆಗೆ ದುಡ್ಡಿನ ಲಗಾಮು ಬೇಡ ಎಂದು ಒಂದು ದಿನವೂ ಬೀದಿಗಿಳಿಯಲಿಲ್ಲ.

ಸನ್ನದು ಗೋಡೆಯ ಮೇಲಿದ್ದರೂ ಖಾಲಾ ಅದನ್ನು ಓದಲಾರರು. ಆದ್ದರಿಂದ ನಾನು ಕೇಳುವುದು ಸಣ್ಣ ಸಂಗತಿಗಳನ್ನು.

ವೈದ್ಯರಲ್ಲಿ ನನ್ನ ವಿನಂತಿ: ಮೊದಲು ಎಕ್ಸ್-ರೇ ನೋಡಿ, ಆಮೇಲೆ ಮಗ ಏನು ಮಾಡುತ್ತಾನೆಂದು ಕೇಳಿ. ಎಲುಬಿಗೆ ಇರುವ ದಾರಿಗಳನ್ನು ಎಲ್ಲರಿಗೂ ಒಂದೇ ಬಾಯಲ್ಲಿ ಹೇಳಿ. ಖರ್ಚಿನ ಕಾರಣಕ್ಕೆ ಒಂದು ದಾರಿ ಬಿಡುತ್ತಿದ್ದರೆ "ಖರ್ಚಿನ ಕಾರಣಕ್ಕೆ" ಎಂದೇ ಹೇಳಿ, ವಯಸ್ಸಿನ ಮೇಲೆ ಹಾಕಬೇಡಿ. ಪ್ಲಾಸ್ಟರ್ ಹಾಕಿದರೆ ವಾರದ ಎಕ್ಸ್-ರೇಯ ತಾರೀಕನ್ನು ಪ್ಲಾಸ್ಟರಿನ ಮೇಲೆಯೇ ಪೆನ್ನಿನಲ್ಲಿ ಬರೆಯಿರಿ. ರೋಗಿ ಎಂಥ ಕೈಯವರು ಎಂದು ಕೇಳಿ. ಬೀಡಿ ಕಟ್ಟುವ ಕೈಯೋ, ರೊಟ್ಟಿ ತಟ್ಟುವ ಕೈಯೋ, ಮೊಮ್ಮಕ್ಕಳ ತಲೆ ಬಾಚುವ ಕೈಯೋ. ದುಡ್ಡು ಎಷ್ಟಿದೆ ಎನ್ನುವುದಕ್ಕಿಂತ ಈ ಪ್ರಶ್ನೆ ಚಿಕಿತ್ಸೆಗೆ ಹೆಚ್ಚು ಸಂಬಂಧಿಸಿದ್ದು.

ಸರಕಾರಕ್ಕೆ: ಚೆನ್ನಾಗಿ ಹಾಕಿ ಚೆನ್ನಾಗಿ ಕಾದ ಪ್ಲಾಸ್ಟರಿಗೂ ಮರ್ಯಾದೆಯ ದರ ಕೊಡಿ. ಕೊಯ್ಯದೆ ವಾಸಿ ಮಾಡಿದ ವೈದ್ಯ ನಷ್ಟ ಅನುಭವಿಸಬಾರದು. ಪ್ಲೇಟು, ಸ್ಕ್ರೂಗಳನ್ನು ಆಸ್ಪತ್ರೆ ಎಷ್ಟಕ್ಕೆ ಕೊಂಡಿತು ಎಂಬುದು ಬಿಲ್ಲಿನಲ್ಲಿ ಕಾಣಲಿ.

ನಮಗೆ ನಾವೇ ಹೇಳಿಕೊಳ್ಳಬೇಕಾದ್ದು: ಡಾಕ್ಟರ ಮುಂದೆ ಬಾಯಿ ಕಟ್ಟಿಕೊಳ್ಳುವುದು ಅದಬು ಅಲ್ಲ. "ಬೇರೆ ದಾರಿ ಇದೆಯಾ ಸರ್? ಇದನ್ನು ಮಾಡದಿದ್ದರೆ ಏನಾಗುತ್ತೆ? ನಿಮ್ಮ ತಾಯಿಯ ಕೈಯಾಗಿದ್ದರೆ ಏನು ಮಾಡ್ತಿದ್ರಿ? ಮತ್ತೆ ಯಾವಾಗ ಎಕ್ಸ್-ರೇ?" ಈ ನಾಲ್ಕು ಪ್ರಶ್ನೆ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಸಿಟ್ಟಾಗುವುದಿಲ್ಲ. ಸಿಟ್ಟಾದರೆ ಅದೂ ಒಂದು ಉತ್ತರ.

ಉರ್ದುವಿನಲ್ಲಿ ಹೈಸಿಯತ್ ಎಂಬ ಮಾತಿದೆ. ಮನುಷ್ಯನ ಸ್ಥಿತಿಗತಿ, ಅಂತಸ್ತು ಎಂದು ಅರ್ಥ. ಹೆಣ್ಣು ಕೊಡುವಾಗ, ಸಾಲ ಕೊಡುವಾಗ ಹೈಸಿಯತ್ ನೋಡುತ್ತಾರೆ. ಅದೇ ಉರ್ದುವಿನಲ್ಲಿ ಅಮಾನತ್ ಎಂಬ ಮಾತೂ ಇದೆ. ನಂಬಿ ಒಪ್ಪಿಸಿದ್ದು ಎಂದರ್ಥ. ಮುರಿದ ಕೈಯನ್ನು ಮೇಜಿನ ಮೇಲಿಟ್ಟು "ಏನು ಮಾಡೋಣ ಸರ್" ಎಂದು ಕೇಳುವವಳು ಒಪ್ಪಿಸುತ್ತಿರುವುದು ಅಮಾನತನ್ನು. ಅದಕ್ಕೆ ಉತ್ತರವಾಗಿ ಅವಳ ಹೈಸಿಯತ್ತನ್ನು ಅಳೆಯುವುದು ಖಿಯಾನತ್, ನಂಬಿಕೆದ್ರೋಹ.

ಟೀಚರ ಮನೆಯಿಂದ ಬಂದ ಸಂಜೆ ಖಾಲಾಗೆ ಎಲ್ಲವನ್ನೂ ಹೇಳಿದೆ. ಅವರು ಮೊರ ತೊಡೆಯ ಮೇಲಿಟ್ಟುಕೊಂಡು ಎಡಗೈಯ ಬಲದಲ್ಲಿ ಎಲೆ ಸುತ್ತುತ್ತಿದ್ದರು. ಕೇಳಿ ಸಿಟ್ಟಾಗಲಿಲ್ಲ. "ಆಪರೇಷನ್ ಅಂತ ಒಂದು ಇತ್ತಾ?" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಭಯಕ್ಕೆ ನಾನು ಪ್ಲಾಸ್ಟರೇ ಸಾಕು ಅಂತಿದ್ದೆನೇನೋ. ಆದರೆ ನನ್ನನ್ನ ಒಂದು ಮಾತು ಕೇಳಬೇಕಿತ್ತಲ್ಲ ಬೇಟಾ" ಎಂದರು.

ಆ ಒಂದು ಮಾತಿಗೆ ಯಾವ ಆಸ್ಪತ್ರೆಯ ದರಪಟ್ಟಿಯಲ್ಲೂ ಬೆಲೆಯಿಲ್ಲ. ಅದನ್ನು ಪುಕ್ಕಟೆಯಾಗಿ ಕೇಳಿದ್ದರೆ ಡಾಕ್ಟರಿಗೆ ಏನು ನಷ್ಟವಾಗುತ್ತಿತ್ತು?